ಹೊಳೆದಂಡೆಯ ಶಿಬಿರಗಳಿಗೆ ಮೊದಲು ನೆರೆಯ ಗೆರೆ ಎಳೆಯಿರಿ

ಮಾನ್ಯ ಸಂಪಾದಕರೇ,

ಜೋಯಿಡಾ ಮತ್ತು ದಾಂಡೇಲಿ ಭಾಗದಲ್ಲಿ ಕಾಳಿ ನದಿಯ ದಂಡೆಗುಂಟ ಟೆಂಟ್ ಶಿಬಿರಗಳು, ರೆಸಾರ್ಟುಗಳು, ಹೋಂಸ್ಟೇಗಳು ಕೆಲವೇ ವರ್ಷಗಳಲ್ಲಿ ಒಂದರ ಪಕ್ಕಕ್ಕೆ ಒಂದರಂತೆ ತಲೆಯೆತ್ತಿವೆ. ಈಗ ಅದರ ಜೊತೆಗೆ ಕ್ಯಾರವಾನ್ ಪಾರ್ಕುಗಳ ಮಾತೂ ಕೇಳಿಬರುತ್ತಿದೆ. ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ ಎಲ್ಲವನ್ನೂ ಹೊತ್ತ ವಾಹನವನ್ನು ಹೊಳೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಅದರಲ್ಲೇ ನಾಲ್ಕು ದಿನ ಉಳಿಯುವ ಈ ರೂಢಿಗೆ ಕೇರಳ ಸರ್ಕಾರ 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಯೋಜನೆಯನ್ನೇ ರೂಪಿಸಿತು. ಮರುವರ್ಷ ವಾಗಮಣ್‌ನಲ್ಲಿ ಅಲ್ಲಿನ ಮೊದಲ ಕ್ಯಾರವಾನ್ ಪಾರ್ಕ್ ಆರಂಭವಾಯಿತು. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸಕ್ಕೆ ಜಾಗ ಸಿಕ್ಕಿದೆ. ಹೊಳೆ, ಕಾಡು, ಘಟ್ಟ ಮೂರೂ ಒಂದೇ ಕಡೆ ಸಿಗುವ ನಮ್ಮ ಸೀಮೆಗೆ ಅಂಥ ಪಾರ್ಕುಗಳು ಬರುವುದು ಸಹಜ. ಅವು ಬರಬಾರದೆಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಬರುವ ಮೊದಲೇ ಒಂದು ಕೆಲಸ ಆಗಬೇಕಿದೆ: ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಗೆರೆಯನ್ನು ದಂಡೆಯ ಮೇಲೆ ಕಲ್ಲು ನೆಟ್ಟು ಗುರುತಿಸಬೇಕು, ಮತ್ತು ಆ ಗೆರೆಯ ಕೆಳಗೆ ರಾತ್ರಿ ಹೊತ್ತು ಯಾರೂ ಮಲಗದಂತೆ ನೋಡಿಕೊಳ್ಳಬೇಕು.

ಈ ಮಾತಿಗೆ ಕಾರಣ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ನಡೆದ ಒಂದು ದುರಂತ. ಅಲ್ಲಿನ ವಾಶಿಟಾ ಬೆಟ್ಟಸಾಲಿನ ರಾಷ್ಟ್ರೀಯ ಅರಣ್ಯದೊಳಗೆ, ಲಿಟಲ್ ಮಿಸೌರಿ ಎಂಬ ಪುಟ್ಟ ಹೊಳೆಯ ದಂಡೆಯಲ್ಲಿ, ಆಲ್ಬರ್ಟ್ ಪೈಕ್ ಎಂಬ ಶಿಬಿರ ತಾಣವಿದೆ. ಅದು ಯಾರೋ ಲಾಭಕ್ಕಾಗಿ ತರಾತುರಿಯಲ್ಲಿ ಕಟ್ಟಿದ ಜಾಗವಲ್ಲ. ಅದನ್ನು ಕಟ್ಟಿ ನಡೆಸುತ್ತಿದ್ದುದು ಆ ದೇಶದ ಅರಣ್ಯ ಇಲಾಖೆಯೇ. ಟೆಂಟುಗಳಿಗೆ ಬೇರೆ, ವಾಹನಮನೆಗಳಿಗೆ ಬೇರೆ ಎಂದು ವ್ಯವಸ್ಥಿತವಾಗಿ ವಿಭಾಗ ಮಾಡಿ, ‘ಡಿ ಲೂಪ್’ ಎಂಬ ಹೊಸ ಭಾಗದಲ್ಲಿ ಪ್ರತಿ ವಾಹನಕ್ಕೂ ವಿದ್ಯುತ್ ಮತ್ತು ನೀರಿನ ಸಂಪರ್ಕ ಕೊಟ್ಟಿದ್ದರು. 2010ರ ಜೂನ್ 11ರ ಶುಕ್ರವಾರ, ಇನ್ನೂ ಬೆಳಕು ಹರಿಯುವ ಮೊದಲು, ಮೇಲಿನ ಬೆಟ್ಟಗಳಲ್ಲಿ ಸುರಿದ ಮಳೆಯ ನೀರು ಆ ಕಣಿವೆಗೆ ನುಗ್ಗಿತು. ಕೆಳಗಿನ ಮಾಪನ ಕೇಂದ್ರದಲ್ಲಿ ಮಧ್ಯರಾತ್ರಿ ಕಳೆದಾಗ ನಾಲ್ಕು ಅಡಿಯ ಆಸುಪಾಸಿನಲ್ಲಿದ್ದ ನೀರಿನ ಮಟ್ಟ ಬೆಳಗಿನ ಐದೂವರೆ ಗಂಟೆಯ ಹೊತ್ತಿಗೆ 23 ಅಡಿ ದಾಟಿತ್ತು. ಮಕ್ಕಳೂ ಸೇರಿ 20 ಜನ ತೀರಿಕೊಂಡರು. ಹವಾಮಾನ ಇಲಾಖೆ ರಾತ್ರಿ ಎರಡು ಗಂಟೆಯ ಸುಮಾರಿಗೆ ಹಠಾತ್ ಪ್ರವಾಹದ ಎಚ್ಚರಿಕೆಯನ್ನೇನೋ ಕೊಟ್ಟಿತ್ತು, ಆದರೆ ಆ ಕಣಿವೆಯಲ್ಲಿ ಮೊಬೈಲ್ ಸಂಪರ್ಕವಿರಲಿಲ್ಲ. ಶಿಬಿರಕ್ಕೆ ಬಂದವರ ಹೆಸರು ಬರೆದಿಟ್ಟಿದ್ದ ದಾಖಲೆಯೂ ನೀರಿನಲ್ಲಿ ಕೊಚ್ಚಿಹೋದ ಕಾರಣ, ಎಷ್ಟು ಜನರನ್ನು ಹುಡುಕಬೇಕು ಎಂಬುದೇ ರಕ್ಷಣಾ ತಂಡಗಳಿಗೆ ಮೊದಲ ಕೆಲವು ದಿನ ತಿಳಿದಿರಲಿಲ್ಲ.

ಡಲ್ಲಾಸ್‌ನಲ್ಲಿ ನೆಲೆಸಿರುವ ನನ್ನ ಸಂಬಂಧಿಕರೊಡನೆ ನಾನು ಆ ಕಣಿವೆಯನ್ನು ನೋಡಿ ಬಂದಿದ್ದೇನೆ. ಟೆಕ್ಸಸ್‌ನ ಬಯಲಿನಲ್ಲಿರುವ ಅನೇಕ ಕನ್ನಡ ಕುಟುಂಬಗಳಿಗೆ ಬೇಸಿಗೆಯಲ್ಲಿ ಹತ್ತಿರದ ಬೆಟ್ಟವೆಂದರೆ ಇದೇ ಸೀಮೆ. ನಾವು ಹೋದಾಗ ಹೊಳೆಯಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರಲಿಲ್ಲ. ತಳದ ಬೆಣಚುಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು, ಎರಡೂ ಕಡೆ ಪೈನ್ ಮತ್ತು ಓಕ್ ಮರಗಳ ನೆರಳು, ಮಕ್ಕಳು ಆಡುವುದಕ್ಕೆ ಹೇಳಿ ಮಾಡಿಸಿದಂಥ ಜಾಗ. ದಂಡೆಯ ಪಕ್ಕದ ಸಮತಟ್ಟಾದ ಹುಲ್ಲುನೆಲವನ್ನು ನೋಡಿದ ಯಾರಿಗಾದರೂ ಟೆಂಟ್ ಹಾಕಬೇಕೆನ್ನಿಸುತ್ತದೆ. ಅಷ್ಟು ಕಡಿದಾದ ಕಣಿವೆಯಲ್ಲಿ ಅಷ್ಟು ಸಮತಟ್ಟಾದ ನೆಲ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ಉತ್ತರ ಸರಳವಾಗಿದೆ: ಹಿಂದಿನ ನೆರೆಗಳು ಹೊತ್ತು ತಂದ ಮಣ್ಣನ್ನು ಹಾಸಿ ಹೊಳೆಯೇ ಅದನ್ನು ಸಮ ಮಾಡಿದೆ. ನಮ್ಮ ಕಾಳಿ, ಶರಾವತಿ, ಅಘನಾಶಿನಿ, ಸೀತಾನದಿಗಳ ದಂಡೆಯಲ್ಲಿ ನಾವು ಒಳ್ಳೆಯ ಜಾಗವೆಂದು ಆರಿಸಿಕೊಳ್ಳುವ ಹೆಚ್ಚಿನ ಸಮತಟ್ಟುಗಳೂ ಹೀಗೆಯೇ ಹುಟ್ಟಿದವು.

ಆಲ್ಬರ್ಟ್ ಪೈಕ್‌ನ ಡಿ ಲೂಪ್ ನೂರು ವರ್ಷಕ್ಕೊಮ್ಮೆ ಬರುವಂಥ ನೆರೆಯ ಗೆರೆಯೊಳಗೇ ಇತ್ತು ಎಂಬುದು ಆಮೇಲಿನ ಪರಿಶೀಲನೆಯಲ್ಲಿ ಬಯಲಾಯಿತು. ನೂರು ವರ್ಷಕ್ಕೊಮ್ಮೆ ಎಂದೊಡನೆ ನಮ್ಮ ಕಾಲಕ್ಕೆ ಬಾರದ ನೆರೆ ಎಂದು ಭಾವಿಸುವವರು ಹೆಚ್ಚು. ನಮ್ಮ ಪಂಚಾಯಿತಿ ಸಭೆಗಳಲ್ಲಿ ಈ ಮಾತನ್ನು ನಾನೇ ಕೇಳಿದ್ದೇನೆ. ಅದರ ಲೆಕ್ಕ ಬೇರೆ. ಯಾವುದೇ ಒಂದು ವರ್ಷದಲ್ಲಿ ಅಂಥ ನೆರೆ ಬರುವ ಸಂಭವ ಶೇಕಡ 1 ಎಂದು ಅದರರ್ಥ; ಮೂವತ್ತು ವರ್ಷ ನಡೆಯುವ ಒಂದು ಶಿಬಿರಕ್ಕೆ ಆ ಅವಧಿಯಲ್ಲಿ ಒಮ್ಮೆಯಾದರೂ ಅದು ಬಂದು ತಟ್ಟುವ ಸಂಭವ ಶೇಕಡ 26. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಒಂದು ನದಿಯ ದಂಡೆಯಲ್ಲಿ ಇಪ್ಪತ್ತು ಮೂವತ್ತು ಶಿಬಿರಗಳು ಗೆರೆಯ ಕೆಳಗೆ ಸಾಲಾಗಿದ್ದರೆ ಒಂದೇ ರಾತ್ರಿ ಎಷ್ಟು ಜನ ಅಪಾಯಕ್ಕೆ ಸಿಲುಕುತ್ತಾರೆ ಎಂಬುದನ್ನು ಪರವಾನಗಿ ಕೊಡುವ ಅಧಿಕಾರಿಗಳು ಲೆಕ್ಕ ಹಾಕಿ ನೋಡಬೇಕು.

ವಾಹನಮನೆಯಲ್ಲಿ ಮಲಗಿದವರು ಟೆಂಟಿನಲ್ಲಿ ಮಲಗಿದವರಿಗಿಂತ ಸುರಕ್ಷಿತ ಎಂಬ ನಂಬಿಕೆ ಬೇರೆ ಇದೆ. ಗಾಡಿಗೆ ಚಕ್ರವಿದೆ, ನೀರು ಬಂದರೆ ಓಡಿಸಿಕೊಂಡು ಹೋದರಾಯಿತು ಎಂಬ ಈ ಧೈರ್ಯ ದೊಡ್ಡ ತಪ್ಪು. ಪಾರ್ಕಿನಲ್ಲಿ ನಿಂತ ಕ್ಯಾರವಾನ್‌ನ ಸ್ಥಿತಿಯನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ನಾಲ್ಕು ಮೂಲೆಗೆ ಜಾಕ್ ಇಳಿಸಿ ಗಾಡಿಯನ್ನು ಮಟ್ಟ ಮಾಡಿರುತ್ತಾರೆ. ಒಂದು ಬದಿಯಲ್ಲಿ ವಿದ್ಯುತ್ ಕೇಬಲ್, ಅದರ ಪಕ್ಕದಲ್ಲಿ ನೀರಿನ ಕೊಳವೆ, ಹಿಂದೆ ಕೊಳಚೆ ನೀರಿನ ಕೊಳವೆ. ಇನ್ನೊಂದು ಬದಿಯಲ್ಲಿ ನೆರಳಿನ ಪರದೆಯನ್ನು ಬಿಡಿಸಿ ಅದರ ಕೆಳಗೆ ಕುರ್ಚಿ ಮೇಜು ಹರಡಿರುತ್ತಾರೆ. ಇದನ್ನೆಲ್ಲ ಬಿಚ್ಚಿ, ನಿದ್ದೆಗಣ್ಣಿನಲ್ಲಿ, ಕತ್ತಲೆಯಲ್ಲಿ, ಮಳೆಯಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಹೊರಡಲು ಹತ್ತಿಪ್ಪತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ದಂಡೆಗುಂಟ ಸಾಗುವ ಒಂದೇ ಒಂದು ರಸ್ತೆಯ ತಗ್ಗಿನಲ್ಲಿ ನೀರು ನಿಂತಿರುತ್ತದೆ. ಎರಡು ಅಡಿ ಹರಿಯುವ ನೀರು ಹೆಚ್ಚಿನ ವಾಹನಗಳನ್ನು ಎತ್ತಿಕೊಂಡು ಹೋಗುತ್ತದೆ ಎಂದು ಅಮೆರಿಕದ ಹವಾಮಾನ ಇಲಾಖೆಯೇ ಎಚ್ಚರಿಸುತ್ತದೆ. ಒಳಗೆ ಟೊಳ್ಳಾದ, ಅಗಲವಾದ ಪಕ್ಕೆಗಳ ವಾಹನಮನೆ ಇನ್ನೂ ಬೇಗ ತೇಲುತ್ತದೆ. ಹಾಗಾಗಿ ಅಂಥ ಪಾರ್ಕಿನಲ್ಲಿ ಜೀವ ಉಳಿಸುವ ದಾರಿ ಎಂದರೆ ಗಾಡಿ ಬಿಟ್ಟು ಗುಡ್ಡ ಹತ್ತುವ ಕಾಲುದಾರಿ. ಆ ಕಾಲುದಾರಿ ಎಲ್ಲಿದೆ ಎಂಬುದು ಬಂದ ದಿನವೇ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಆಲ್ಬರ್ಟ್ ಪೈಕ್ ಒಂದೇ ಅಲ್ಲ. 1987ರ ಜುಲೈ 14ರಂದು ಫ್ರಾನ್ಸಿನ ಆಲ್ಪ್ಸ್ ಪರ್ವತದ ಗ್ರಾನ್ ಬೊರ್ನಾನ್‌ನಲ್ಲಿ ಹೊಳೆದಂಡೆಯ ಶಿಬಿರಕ್ಕೆ ನೀರು ನುಗ್ಗಿ 23 ಜನ ಸತ್ತರು. 1996ರ ಆಗಸ್ಟ್ 7ರ ಸಂಜೆ ಸ್ಪೇನಿನ ಪಿರೆನೀಸ್ ಪರ್ವತದ ಬಿಯೆಸ್ಕಸ್ ಎಂಬಲ್ಲಿ, ಬೆಟ್ಟದಿಂದ ಇಳಿಯುವ ಒಂದು ತೊರೆ ತಾನೇ ಹರಡಿದ ಮಣ್ಣಿನ ಮೇಲೆ ಕಟ್ಟಿದ್ದ ಶಿಬಿರಕ್ಕೆ ನುಗ್ಗಿ 87 ಜನರನ್ನು ಬಲಿ ತೆಗೆದುಕೊಂಡಿತು. ಆ ಜಾಗ ಸರಿಯಿಲ್ಲವೆಂದು ಅಲ್ಲಿನ ಅರಣ್ಯ ಎಂಜಿನಿಯರೊಬ್ಬರು ಶಿಬಿರಕ್ಕೆ ಅನುಮತಿ ಸಿಗುವ ಮೊದಲೇ ಬರೆದಿಟ್ಟಿದ್ದರು. ಸ್ಪೇನ್ ಮತ್ತು ಅಮೆರಿಕದ ನ್ಯಾಯಾಲಯಗಳು ಕೊಟ್ಟ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸ್ಪೇನಿನಲ್ಲಿ 2005ರಲ್ಲಿ ನ್ಯಾಯಾಲಯ ಸರ್ಕಾರವನ್ನೇ ಹೊಣೆ ಮಾಡಿ ಪರಿಹಾರ ಕೊಡಿಸಿತು. ಅರ್ಕಾನ್ಸಾದಲ್ಲಿ, ವಿಹಾರಕ್ಕೆ ಜಾಗ ಬಿಟ್ಟುಕೊಡುವ ಭೂಮಾಲೀಕರಿಗೆ ರಕ್ಷಣೆ ಕೊಡುವ ರಾಜ್ಯದ ಕಾನೂನನ್ನು ಎತ್ತಿಹಿಡಿದು, ಸತ್ತವರ ಕುಟುಂಬಗಳ ದಾವೆಯನ್ನು ನ್ಯಾಯಾಲಯಗಳು ತಳ್ಳಿಹಾಕಿದವು. ಎರಡನೆಯದು ಕಾನೂನಿನ ದೃಷ್ಟಿಯಲ್ಲಿ ಸರಿಯಿರಬಹುದು, ನನಗದು ನ್ಯಾಯವೆಂದು ತೋರುವುದಿಲ್ಲ. ಗೆರೆಯ ಕೆಳಗೆ ಮಲಗುತ್ತಿದ್ದೇವೆ ಎಂದು ಆ ಕುಟುಂಬಗಳಿಗೆ ಯಾರೂ ಹೇಳಿರಲಿಲ್ಲ.

ಇನ್ನು ಕಾಳಿಯ ವಿಷಯ. ಡಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ, 184 ಕಿಲೋಮೀಟರ್ ಉದ್ದದ ಈ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೆ ಒಂದು ಅಣೆಕಟ್ಟೆಗಳಿವೆ. ಇವುಗಳಲ್ಲಿ ಸೂಪಾ 101 ಮೀಟರ್ ಎತ್ತರದ್ದು. ಅಷ್ಟು ದೊಡ್ಡ ಅಣೆಕಟ್ಟೆ ಮೇಲಿರುವಾಗ ಅದರ ಬುಡದ ಗಣೇಶಗುಡಿಯಿಂದ ಕೆಳಗೆ ನೆರೆಯ ಭಯವೇಕೆ ಎಂದು ಕೇಳುವವರಿದ್ದಾರೆ. ಅಣೆಕಟ್ಟೆ ಸಣ್ಣ ನೆರೆಗಳನ್ನು ತಡೆಯುತ್ತದೆ ಎಂಬುದು ನಿಜ. ಹಾಗೆ ತಡೆಯುವುದರಿಂದಲೇ ಜನ ದಂಡೆಗೆ ಇನ್ನಷ್ಟು ಹತ್ತಿರ ಬರುತ್ತಾರೆ, ಹಳೆಯ ನೆರೆಯ ನೆನಪು ಒಂದು ತಲೆಮಾರಿನಲ್ಲಿ ಅಳಿಸಿಹೋಗುತ್ತದೆ. ಜಲಾಶಯ ತುಂಬಿದ ವರ್ಷ ಗೇಟು ತೆರೆಯಲೇಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈಯಲ್ಲಿ ಕದ್ರಾದ ಗೇಟುಗಳು ತೆರೆದಾಗ ಕೆಳಗಿನ ಊರುಗಳ ಮನೆಯೊಳಕ್ಕೆ ನೀರು ನುಗ್ಗಿದ್ದನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಅಣೆಕಟ್ಟೆಯ ಕೆಳಗೆ ಬಂದು ಕೂಡುವ ಹಳ್ಳಗಳಿಗಂತೂ ಯಾವ ಗೇಟೂ ಇಲ್ಲ. ಘಟ್ಟದ ಮೇಲೆ ಒಂದು ರಾತ್ರಿ ಮಳೆ ಹೊಡೆದರೆ ಅವು ತಮ್ಮ ಪಾಡಿಗೆ ತಾವು ಉಕ್ಕುತ್ತವೆ.

ಮಳೆಯೇ ಇಲ್ಲದ ದಿನದಲ್ಲೂ ಕಾಳಿ ಏರುತ್ತದೆ. ಗಣೇಶಗುಡಿಯಲ್ಲಿ ರಾಫ್ಟಿಂಗ್ ನಡೆಯುವುದೇ ಸೂಪಾ ವಿದ್ಯುದಾಗಾರದಿಂದ ಬಿಡುವ ನೀರಿನ ಬಲದಿಂದ. ವಿದ್ಯುತ್ ಬೇಡಿಕೆಗೆ ತಕ್ಕಂತೆ ಯಂತ್ರ ಓಡುತ್ತದೆ, ಯಂತ್ರ ಓಡಿದಂತೆ ಹೊಳೆ ಏರಿಳಿಯುತ್ತದೆ. ಬೇಸಿಗೆಯ ಒಂದು ಮಧ್ಯಾಹ್ನ ದಂಡೆಯಲ್ಲಿ ಕುಳಿತು ನಾನಿದನ್ನು ನೋಡಿದ್ದೇನೆ: ಬಟ್ಟೆ ಒಗೆಯಲು ಹೆಂಗಸರು ಬಳಸುವ ಒಂದು ಚಪ್ಪಟೆ ಕಲ್ಲು ಮೊದಲು ಪೂರ್ತಿ ಒಣಗಿತ್ತು, ಮೇಲೆ ಆಕಾಶದಲ್ಲಿ ಒಂದು ಮೋಡವಿಲ್ಲ, ಮೊದಲು ಕಲ್ಲಿನ ಬುಡದ ಒಣ ಎಲೆಗಳು ಅಲುಗಾಡಿ ತೇಲತೊಡಗಿದವು, ನೀರಿನ ಸದ್ದು ಸ್ವಲ್ಪ ದಪ್ಪವಾಯಿತು, ನೋಡನೋಡುತ್ತಲೇ ಕಲ್ಲು ಮುಳುಗಿತು. ಒಗೆಯುತ್ತಿದ್ದ ಹೆಂಗಸರು ಎಲೆ ಅಲುಗಿದಾಗಲೇ ಬಟ್ಟೆ ಹಿಂಡಿಕೊಂಡು ಮೇಲೆ ಬಂದಿದ್ದರು. ಆ ಎಲೆಯ ಅಲುಗಾಟದ ಅರ್ಥ ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದ ಪ್ರವಾಸಿಗೆ ತಿಳಿಯುವುದು ಸಾಧ್ಯವಿಲ್ಲ, ಅದನ್ನು ಅವರಿಂದ ನಿರೀಕ್ಷಿಸುವುದೂ ತಪ್ಪು. 2014ರ ಜೂನ್ 8ರಂದು ಹಿಮಾಚಲದ ಮಂಡಿ ಬಳಿ ಬಿಯಾಸ್ ನದಿಗಿಳಿದಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅದು ಹಗಲಿನಲ್ಲಿ, ಎಚ್ಚರವಿದ್ದವರಿಗೆ ಆದ ಗತಿ. ನಿದ್ದೆಯಲ್ಲಿದ್ದವರ ಪಾಡೇನು?

ಕಾಳಿಯ ದಂಡೆಯಲ್ಲಿ ಗೆರೆ ಹುಡುಕಲು ಬಹಳ ಕಷ್ಟಪಡಬೇಕಾಗಿಯೂ ಇಲ್ಲ. ಮಳೆಗಾಲ ಮುಗಿದ ಮೇಲೆ ದಂಡೆಗುಂಟ ನಡೆದು ಹೊಳೆಮತ್ತಿಯ ಕೊಂಬೆಗಳನ್ನು ತಲೆಯೆತ್ತಿ ನೋಡಿದರೆ ಸಾಕು. ಒಣಹುಲ್ಲಿನ ಸಿಂಬೆ, ಬಿದಿರಿನ ಸಿಬಿರು, ಹರಿದ ಪ್ಲಾಸ್ಟಿಕ್ ಚೀಲಗಳು ಕೊಂಬೆಯ ಕವಲಿಗೆ ಸಿಕ್ಕಿಕೊಂಡು ಆ ವರ್ಷದ ನೀರು ಎಲ್ಲಿಗೆ ಬಂದಿತ್ತೆಂದು ತೋರಿಸುತ್ತವೆ. ಒಂದು ಶಿಬಿರದಲ್ಲಿ ಈ ಕಸ ಟೆಂಟಿನ ನೆತ್ತಿಗಿಂತ ಎತ್ತರದಲ್ಲಿ ತೂಗುತ್ತಿದ್ದುದನ್ನು ನಾನು ಕಂಡೆ. ಊರಿನ ಹಿರಿಯರ ನೆನಪು, ಮರದ ಮೇಲಿನ ಈ ಗುರುತು, ವಿದ್ಯುತ್ ನಿಗಮದ ಬಳಿ ಇರುವ ನೀರು ಬಿಡುಗಡೆಯ ದಾಖಲೆ, ಇವನ್ನು ಒಟ್ಟಿಗೆ ಇಟ್ಟುಕೊಂಡು ಕಂದಾಯ, ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಯವರು ಒಂದು ಬೇಸಿಗೆಯಲ್ಲಿ ದಂಡೆಯನ್ನು ನಡೆದು ನೋಡಿದರೆ ಗಣೇಶಗುಡಿಯಿಂದ ದಾಂಡೇಲಿಯವರೆಗಿನ ಗೆರೆ ಸಿದ್ಧವಾಗುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಇಂಥ ಅಣೆಕಟ್ಟೆಗಳಿಗೆ ತುರ್ತು ಕ್ರಿಯಾ ಯೋಜನೆ ಇರಲೇಬೇಕು. ಅದರಲ್ಲಿ ಮುಳುಗುವ ಪ್ರದೇಶದ ವಿವರ ಏನಿದೆಯೋ ಅದು ಕಚೇರಿಯ ಕಪಾಟಿನಲ್ಲಿ ಉಳಿಯದೆ ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ, ನಕ್ಷೆಯ ಸಮೇತ, ಕಾಣಬೇಕು.

ಜನರನ್ನು ಕಾಯುವ ಗೆರೆ ಹೊಳೆಯನ್ನೂ ಕಾಯುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮದು ಕಾಳಿ ಹುಲಿ ಮೀಸಲು ಪ್ರದೇಶದ ಅಂಚು. ಈ ದಂಡೆಯ ಹಳೆಯ ಅತ್ತಿ, ಬಸರಿ, ಮತ್ತಿ ಮರಗಳನ್ನು ನಂಬಿಕೊಂಡು ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳು ಬದುಕುತ್ತಿವೆ. ನೀರಿನಂಚಿನ ಬಿಲಗಳಲ್ಲಿ ನೀರುನಾಯಿಗಳ ಸಂಸಾರವಿದೆ. ದಾಂಡೇಲಿಯ ಮಡುಗಳಲ್ಲಿ ಮೊಸಳೆಗಳಿವೆ. ನದಿ ಕಾಣಬೇಕೆಂದು ದಂಡೆಯ ಗಿಡಗಂಟಿ ಸವರಿ, ರಾತ್ರಿಯಿಡೀ ದೀಪ ಉರಿಸಿದ ಕಡೆ ಇವುಗಳಿಗೆ ಇರಲು ಸ್ಥಳವಿಲ್ಲ. ವಾಹನಮನೆಗಳು ಬಂದರೆ ಮತ್ತೊಂದು ಚಿಂತೆ ಸೇರುತ್ತದೆ. ಅವುಗಳ ಶೌಚದ ತೊಟ್ಟಿಗೆ ವಾಸನೆ ತಡೆಯುವ ರಾಸಾಯನಿಕ ಹಾಕಿರುತ್ತಾರೆ. ಆ ತೊಟ್ಟಿಯನ್ನು ಖಾಲಿ ಮಾಡಲು ಸರಿಯಾದ ಗುಂಡಿ, ಶುದ್ಧೀಕರಣ ವ್ಯವಸ್ಥೆ ಗೆರೆಯಿಂದ ಮೇಲೆ ಇರದಿದ್ದರೆ ಎಲ್ಲವೂ ಕೊನೆಗೆ ಸೇರುವುದು ಕಾಳಿಗೇ. ಕೆಳಗಿನ ಊರುಗಳು ಕುಡಿಯುವುದು ಅದೇ ನೀರನ್ನು. ಗಂಗಾನದಿಯಲ್ಲಿ ಕೌಡಿಯಾಲಾದಿಂದ ಋಷಿಕೇಶದವರೆಗಿನ ಮರಳುದಂಡೆಯ ಶಿಬಿರಗಳ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶದಲ್ಲಿ, ನದಿಯಿಂದ 100 ಮೀಟರ್ ಒಳಗೆ ಶಿಬಿರ ಹೂಡುವಂತಿಲ್ಲ ಎಂದು ಹೇಳಿತು. ನಮ್ಮಲ್ಲಿ ಕಣ್ಮುಚ್ಚಿ 100 ಮೀಟರ್ ಎನ್ನುವುದಕ್ಕಿಂತ ನೆಲದ ಏರಿಳಿತ ನೋಡಿ ಗೆರೆ ಎಳೆಯುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಕಡಿದಾದ ಕಡೆ 30 ಮೀಟರ್ ಸಾಕಾಗಬಹುದು, ಬಯಲಾದ ಕಡೆ 200 ಮೀಟರ್ ಕೂಡ ಸಾಲದಿರಬಹುದು.

ಇದರಿಂದ ಸ್ಥಳೀಯರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆಂದು ನನಗೆ ಗೊತ್ತು, ಮತ್ತು ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಜೋಯಿಡಾದ ಕುಣಬಿ, ಗೌಳಿ ಮನೆಗಳ ಮಕ್ಕಳು ಇಂದು ರಾಫ್ಟಿಂಗ್ ಗೈಡುಗಳಾಗಿ, ಜೀಪು ಚಾಲಕರಾಗಿ, ಅಡುಗೆಯವರಾಗಿ ಊರಿನಲ್ಲೇ ಉಳಿದಿರುವುದು ಪ್ರವಾಸಿಗರಿಂದ. ಆದರೆ ಗೆರೆ ಎಳೆದರೆ ಶಿಬಿರ ಮುಚ್ಚಬೇಕಾಗಿಲ್ಲ. ಊಟದ ಚಪ್ಪರ, ಆಟದ ಬಯಲು, ದೋಣಿಯ ಕಟ್ಟೆ ಹಗಲಿಗಾಗಿ ಕೆಳಗಿರಲಿ. ಹಾಸಿಗೆ, ಟೆಂಟು, ಗಾಡಿ ರಾತ್ರಿಗಾಗಿ ಮೇಲಿರಲಿ. ಆಲ್ಬರ್ಟ್ ಪೈಕ್‌ನಲ್ಲೂ ದುರಂತದ ಆಮೇಲೆ ವರ್ಷಗಟ್ಟಲೆ ಹಗಲಿನ ಬಳಕೆಗೆ ಮಾತ್ರ ಅವಕಾಶ ಕೊಟ್ಟಿದ್ದರು. ಇಲ್ಲಿ ಅದನ್ನು ದುರಂತಕ್ಕೆ ಮೊದಲೇ ಮಾಡಬಹುದು. ಮೇಲಿನ ಜಾಗಕ್ಕೆ ಸ್ಥಳಾಂತರಿಸಲು ಸಣ್ಣ ಹೋಂಸ್ಟೇಗಳವರಿಗೆ ಖರ್ಚು ತಗಲುತ್ತದೆ. ಕ್ಯಾರವಾನ್ ಪಾರ್ಕುಗಳಿಗೆ ಸಹಾಯಧನ ಕೊಡಲು ಸಿದ್ಧವಿರುವ ಸರ್ಕಾರ ಆ ಹಣದ ಒಂದು ಪಾಲನ್ನು ಮೊದಲು ಇವರಿಗೆ ಕೊಡಲಿ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಈ ಕೆಲಸ ಮಾಡಿಸುವ ಅಧಿಕಾರವಿದೆ, ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ಗೆರೆಯ ಕಲ್ಲುಗಳನ್ನು ಬರುವ ಮುಂಗಾರಿಗೆ ಮುನ್ನ ನೆಡಿಸಬೇಕು. ಹೊಸ ಪಾರ್ಕುಗಳ ಅರ್ಜಿಯ ಜೊತೆ ಗೆರೆ ತೋರಿಸುವ ನಕ್ಷೆ ಕಡ್ಡಾಯವಾಗಬೇಕು. ಜೋಯಿಡಾದ ಹಲವೆಡೆ ಇಂದಿಗೂ ಮೊಬೈಲ್ ಸಿಗ್ನಲ್ ಸಿಗದಿರುವಾಗ ಫೋನಿಗೆ ಬರುವ ಎಚ್ಚರಿಕೆ ಸಂದೇಶವನ್ನು ನಂಬಿ ಕೂರುವುದು ಸಾಧ್ಯವಿಲ್ಲ. ನೀರು ಬಿಡುವ ಮೊದಲು ಕೂಗುವ ಸೈರನ್ ಅಣೆಕಟ್ಟೆಯ ಬುಡದಲ್ಲಷ್ಟೇ ಕೇಳಿಸಿದರೆ ಸಾಲದು, ಕೊನೆಯ ಶಿಬಿರದವರೆಗೂ ಕಂಬದಿಂದ ಕಂಬಕ್ಕೆ ಹಾಯ್ದು ಕೇಳಿಸಬೇಕು, ಮತ್ತು ಆ ಸೈರನ್ ಕೇಳಿದಾಗ ಏನು ಮಾಡಬೇಕೆಂಬುದನ್ನು ಪ್ರತಿ ಶಿಬಿರದ ಸಿಬ್ಬಂದಿ ಅತಿಥಿಗಳಿಗೆ ಬಂದ ದಿನವೇ ಹೇಳಿಕೊಡಬೇಕು. ರಾತ್ರಿ ತಂಗುವವರ ಹೆಸರಿನ ಪಟ್ಟಿಯ ಒಂದು ಪ್ರತಿಯನ್ನು ಪ್ರತಿದಿನ ಕತ್ತಲಾಗುವ ಮೊದಲು ಪೊಲೀಸ್ ಠಾಣೆಗೋ ಪಂಚಾಯಿತಿಗೋ ತಲುಪಿಸುವ ಪದ್ಧತಿಯನ್ನು ಈ ಹಂಗಾಮಿನಿಂದಲೇ ಆರಂಭಿಸಬಹುದು. ಅದಕ್ಕೆ ಹಣ ಬೇಕಾಗಿಲ್ಲ, ತಹಶೀಲ್ದಾರರ ಒಂದು ಸುತ್ತೋಲೆ ಸಾಕು.

ಇತಿ,
ಕಾಳಿ ದಂಡೆಯ ನಿವಾಸಿ,
ಜೋಯಿಡಾ ತಾಲ್ಲೂಕು, ಉತ್ತರ ಕನ್ನಡ